ಏದುಸಿರು ಬೇರೆ, ಉಬ್ಬಸ ಬೇರೆ

ಸಂಕ್ರಾಂತಿ ರಜೆಗೆ ಮಕ್ಕಳನ್ನು ಕರಕೊಂಡು ನಮ್ಮ ಯಜಮಾನರ ಊರು ಬಾಗೂರಿಗೆ ಹೋಗಿದ್ದೆವು. ಚನ್ನರಾಯಪಟ್ಟಣ ತಾಲ್ಲೂಕಿನ ಈ ಊರಿನ ಹೆಸರನ್ನು ಹೇಮಾವತಿ ನಾಲೆಯ ಬಾಗೂರು-ನವಿಲೆ ಸುರಂಗದಿಂದಾಗಿ ನೀವೂ ಕೇಳಿರಬಹುದು. ಅಲ್ಲಿಗೆ ಹೋದಮೇಲೆ ಶ್ರವಣಬೆಳಗೊಳ ನೋಡದೆ ಬರೋದುಂಟೇ? ಮಾರನೇ ದಿನವೇ ಎಲ್ಲರೂ ಹೊರಟೆವು. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು. ಇನ್ನೂರು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಕಥೆ ಮುಗಿದಿತ್ತು. ಎದೆ ಡವಡವ, ಬಾಯಿ ಒಣಗಿ ಏದುಸಿರು. ನನ್ನ ಓರಗಿತ್ತಿ ಅಕ್ಕ ಮಾತ್ರ ಸೆರಗು ಸಿಕ್ಕಿಸಿಕೊಂಡು ಸರಸರ ಹತ್ತುತ್ತಿದ್ದಳು. "ಪಟ್ಟಣದಲ್ಲಿ ಕೂತು ಕೂತು ಹಿಂಗಾಗಿದ್ದೀಯ" ಅಂತ ಎಲ್ಲರೂ ನಕ್ಕರು. ಐದು ನಿಮಿಷ ಮೆಟ್ಟಿಲ ಮೇಲೆ ಕೂತೆ, ಎರಡು ಗುಟುಕು ನೀರು ಕುಡಿದೆ, ಸರಿಹೋಯಿತು.

ಮಾರನೆಯ ದಿನ ಹೊಲದ ಕಣದಲ್ಲಿ ರಾಗಿ ಒಕ್ಕಣೆ. ಅಕ್ಕ ಬೆಳಗಿನಿಂದ ಸಂಜೆಯವರೆಗೂ ಆ ಧೂಳಲ್ಲೇ ಇದ್ದಳು. ರಾತ್ರಿ ಎರಡೂವರೆ ಹೊತ್ತಿಗೆ ಏನೋ ಸದ್ದಾಗಿ ಎದ್ದು ನೋಡಿದರೆ, ನಡುಮನೆಯಲ್ಲಿ ಅಕ್ಕ ಎರಡೂ ಕೈಯನ್ನು ಮಂಚದ ಅಂಚಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದಾಳೆ. ಹೆಗಲು ಏರಿ ಇಳಿಯುತ್ತಿದೆ. ಉಸಿರು ಬಿಡುವಾಗ ಸುಂಯ್ ಅಂತ ಸಿಳ್ಳೆಯಂಥ ಸದ್ದು. "ಏನಾಯ್ತಕ್ಕಾ?" ಅಂದೆ. "ನೀರು..." ಅಂದಳು. ಒಂದು ಉಸಿರು ತಗೊಂಡು "...ಬೇಕು" ಅಂದಳು.

ಅತ್ತೆ ಎದ್ದು ಬಂದರು. "ಬೆಟ್ಟ ಹತ್ತಿದ ಸುಸ್ತು ಕಣಮ್ಮ, ಮೇಲೆ ಒಕ್ಕಣೆ ಬೇರೆ. ಎದೆಗೆ ವಿಕ್ಸ್ ಸವರಿ ಮಲಗಿಸು" ಅಂದರು. ನಾವೂ ಹಾಗೇ ಮಾಡಿದೆವು. ಮಲಗಿದ್ದೇ ತಡ, ಉಸಿರು ಸಿಗದೆ ಮತ್ತೆ ಎದ್ದು ಕೂತಳು. ಮುಕ್ಕಾಲು ಗಂಟೆ ಕಳೆಯಿತು. ಆಮೇಲೆ ಆ ಸಿಳ್ಳೆ ಸದ್ದು ಕಡಿಮೆಯಾಯಿತು. "ನೋಡು, ಇಳೀತು" ಅಂತ ಅತ್ತೆ ಸಮಾಧಾನಪಟ್ಟರು. ಆದರೆ ಅಕ್ಕನ ಮುಖ ಬೆವೆತು ಬಿಳಿಚಿಕೊಂಡಿತ್ತು, ಕಣ್ಣು ಎಳೆಯುತ್ತಿತ್ತು. ಭಾವನವರಿಗೆ ಯಾಕೋ ಭಯವಾಗಿ ಪಕ್ಕದ ಮನೆಯವರ ಕಾರು ತರಿಸಿದರು. ಪಟ್ಟಣದ ಆಸ್ಪತ್ರೆ ತಲುಪುತ್ತಲೇ ಆಕ್ಸಿಜನ್ ಹಾಕಿದರು, ನೆಬುಲೈಸರ್ ಕೊಟ್ಟರು. ಬೆಳಗ್ಗೆ ಡಾಕ್ಟರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಸದ್ದು ನಿಂತಿದ್ದು ಗುಣವಾಗಿದ್ದಕ್ಕಲ್ಲ ಅಮ್ಮಾ. ಸದ್ದು ಮಾಡೋದಕ್ಕೂ ಗಾಳಿ ಓಡಾಡ್ತಾ ಇರಲಿಲ್ಲ."

ಬೆಟ್ಟದ ಮೇಲೆ ಏದುಸಿರು ಬಿಟ್ಟ ನನಗೆ ಏನೂ ಆಗಿರಲಿಲ್ಲ. ಸರಸರ ಹತ್ತಿದವಳಿಗೆ ಆಸ್ತಮಾ! ಮನೆಯಲ್ಲಿ ಇಷ್ಟು ಜನ ಹೆಂಗಸರಿದ್ದೂ ಎರಡರ ವ್ಯತ್ಯಾಸ ನಮಗೆ ಗೊತ್ತಾಗಲಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗದಿರಲಿ ಅಂತಲೇ ಈ ಬರಹ.

ದಣಿದ ಉಸಿರು

ಮೆಟ್ಟಿಲು ಹತ್ತಿದಾಗ, ಬಸ್ಸು ಹಿಡಿಯಲು ಓಡಿದಾಗ, ಗ್ಯಾಸ್ ಸಿಲಿಂಡರ್ ಎಳೆದಾಡಿದಾಗ ಮೈಗೆ ಹೆಚ್ಚು ಆಮ್ಲಜನಕ ಬೇಕು. ಅದಕ್ಕೇ ಉಸಿರು ಜೋರಾಗುತ್ತದೆ. ಇದು ರೋಗವಲ್ಲ. ಶ್ವಾಸನಾಳಗಳು ಚೆನ್ನಾಗಿ ತೆರೆದೇ ಇರುತ್ತವೆ. ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ, ಸಲೀಸಾಗಿ ಹೊರಗೆ ಬರುತ್ತದೆ. ಸುಮ್ಮನೆ ಕೂತರೆ ಐದು-ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಮೈತೂಕ ಹೆಚ್ಚಿದ್ದರೆ, ನಡೆದಾಡುವ ಅಭ್ಯಾಸ ತಪ್ಪಿದ್ದರೆ ಬೇಗ ಏದುಸಿರು ಬರುತ್ತದೆ. ಬಸುರಿಯರಿಗೂ ಅಷ್ಟೇ, ಅಷ್ಟಿಷ್ಟು ಮೇಲುಸಿರು ಸಹಜ.

ಉಬ್ಬಸದಲ್ಲಿ ಆಗುವುದೇನು?

ಹಳೇ ಅಡುಗೆಮನೆಯ ಊದುಕೊಳವೆ ನೆನಪಿದೆಯೇ? ಬೂದಿ ಕಟ್ಟಿಕೊಂಡ ಕೊಳವೆಯಲ್ಲಿ ಊದಿದರೆ ಎಷ್ಟು ಕಷ್ಟ, ಎಂಥ ಸದ್ದು! ಉಬ್ಬಸ ಅಥವಾ ಗೂರಲು ಅಂತ ನಾವು ಕರೆಯುವ ಆಸ್ತಮಾದಲ್ಲಿ ಆಗುವುದೂ ಹಾಗೇ. ಧೂಳು, ಹೊಗೆ, ಶೀತ ಹೀಗೆ ಯಾವುದೋ ಒಂದು ತಾಗಿದ ಕೂಡಲೇ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಅದರ ಮೇಲೆ ಅಂಟು ಕಫ ಬೇರೆ. ಗಾಳಿ ಹೇಗೋ ಒಳಗೆ ಹೋಗುತ್ತದೆ, ಹೊರಗೆ ಬರಲು ಒದ್ದಾಡುತ್ತದೆ. ಅದಕ್ಕೇ ಉಸಿರು ಬಿಡುವಾಗ ಸಿಳ್ಳೆ ಸದ್ದು, ಎದೆಯನ್ನು ಹಗ್ಗದಿಂದ ಬಿಗಿದಂತೆ ಅನ್ನಿಸುವುದು. ಕೂತರೆ, ಮಲಗಿದರೆ ಇದು ಹೋಗುವುದಿಲ್ಲ. ಮಲಗಿದರೆ ಹೆಚ್ಚಾಗುವುದೇ ಜಾಸ್ತಿ.

ಐದು ಪ್ರಶ್ನೆ ಕೇಳಿಕೊಳ್ಳಿ

*1. ಕಾರಣವಿದೆಯೇ?* ಕೆಲಸ ಮಾಡಿ ದಣಿದಿದ್ದರೆ ಏದುಸಿರಿಗೆ ಅರ್ಥವಿದೆ. ಸುಮ್ಮನೆ ಕೂತಾಗ, ನಿದ್ದೆಯಲ್ಲಿ, ಬೆಳಗಿನ ಜಾವ ಎದ್ದು ಕೂರುವಂತೆ ಉಸಿರು ಕಟ್ಟಿದರೆ ಅನುಮಾನಪಡಿ. ಆಸ್ತಮಾ ರಾತ್ರಿ ಮತ್ತು ನಸುಕಿನಲ್ಲೇ ಹೆಚ್ಚು ಕಾಡುವುದು. ದಣಿವು ನಿಂತಮೇಲೂ ಕೆಮ್ಮು, ಎದೆಬಿಗಿತ ಉಳಿದರೂ ಅಷ್ಟೇ. ಕೆಲವರಿಗೆ ಓಡಾಟವೇ ಆಸ್ತಮಾವನ್ನು ಕೆರಳಿಸುತ್ತದೆ.

*2. ವಿಶ್ರಾಂತಿಗೆ ಬಗ್ಗುತ್ತದೆಯೇ?* ಗಡಿಯಾರ ನೋಡಿ. ಹತ್ತು ನಿಮಿಷ ಕೂತರೂ ಉಸಿರು ಹದಕ್ಕೆ ಬರದಿದ್ದರೆ ಅದನ್ನು ಸುಸ್ತು ಅಂತ ತಳ್ಳಿಹಾಕಬೇಡಿ.

*3. ಸದ್ದಿದೆಯೇ?* ಉಸಿರು ಬಿಡುವಾಗ ಸುಂಯ್ ಅನ್ನುತ್ತದೆಯೇ ಅಂತ ಕಿವಿಗೊಟ್ಟು ಕೇಳಿ. ಕೆಲವರಿಗೆ ಸದ್ದೇ ಇರುವುದಿಲ್ಲ, ರಾತ್ರಿಯೆಲ್ಲ ಒಣಕೆಮ್ಮು ಮಾತ್ರ. ಅದೂ ಆಸ್ತಮಾ ಆಗಿರಬಹುದು.

*4. ಮಾತು ಪೂರ್ತಿ ಬರುತ್ತದೆಯೇ?* ಮನೆಯ ವಿಳಾಸ ಹೇಳಲು ಹೇಳಿ. ಬೆಟ್ಟ ಹತ್ತಿ ಬಂದವರು ಸ್ವಲ್ಪ ಸುಧಾರಿಸಿಕೊಂಡು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಒಂದೊಂದೇ ಪದಕ್ಕೆ ಉಸಿರು ತೆಗೆದುಕೊಂಡರೆ ಅದು ಜೋರಾದ ಅಟ್ಯಾಕ್. ನಮ್ಮಕ್ಕನ "ನೀರು... ಬೇಕು" ನಮಗೆ ಅವತ್ತು ಅರ್ಥವಾಗಬೇಕಿತ್ತು.

*5. ಹಿಂದೆಯೂ ಹೀಗಾಗಿತ್ತೇ?* ಚಿಕ್ಕಂದಿನಲ್ಲಿ ಉಬ್ಬಸ, ಧೂಳು ಕಂಡರೆ ಸೀನು, ಮೈಮೇಲೆ ಕಜ್ಜಿ, ತಾಯಿಗೋ ತಂದೆಗೋ ಆಸ್ತಮಾ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಇನ್ನೊಂದು ಉಪಾಯ: ಉಸಿರು ಎಣಿಸುವುದು. ಅವರಿಗೆ ಹೇಳದೆ, ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಿ. ಸುಮ್ಮನೆ ಕೂತ ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿಯಾದ ಲೆಕ್ಕ. ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಅದಕ್ಕೂ ಎಳೆಯ ಕೂಸಿಗೆ 60 ಮುಟ್ಟಿದರೆ ಡಾಕ್ಟರಿಗೆ ತೋರಿಸಲೇಬೇಕು. ಮಕ್ಕಳು ಬಾಯಿಬಿಟ್ಟು ಹೇಳಲಾರರು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುವುದು, ಮೂಗಿನ ಹೊಳ್ಳೆ ಅರಳುವುದು, ಹಾಲು ಕುಡಿಯಲು ಆಗದಿರುವುದೇ ಅವರ ಮಾತು.

ಉಸಿರು ಕಟ್ಟಿದ್ದೆಲ್ಲ ಆಸ್ತಮಾ ಅಲ್ಲ

ಹಾಗಂತ ಮೇಲುಸಿರು ಬಂದವರಿಗೆಲ್ಲ ಆಸ್ತಮಾ ಅಂತ ಹಣೆಪಟ್ಟಿ ಹಚ್ಚಬೇಡಿ. ನಮ್ಮ ಹೆಂಗಸರಿಗೆ ಉಸಿರು ಸಾಲದಿರಲು ದೊಡ್ಡ ಕಾರಣವೊಂದಿದೆ: ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ! ಒಂದು ಮಹಡಿ ಹತ್ತಿದರೆ ಏದುಸಿರು, ತಲೆಸುತ್ತು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿರುವುದು, ಮುಟ್ಟಿನಲ್ಲಿ ಹೆಚ್ಚು ಸ್ರಾವ - ಇವಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬಸುರಿಯಲ್ಲದ ಹೆಂಗಸಿಗೆ 12 ಗ್ರಾಂ ಇರಬೇಕು.

ದಿಂಬಿಲ್ಲದೆ ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಸಂಜೆ ಹೊತ್ತಿಗೆ ಪಾದ ಊದುವುದು ಹೃದಯದ ತೊಂದರೆಯ ಸೂಚನೆ ಇರಬಹುದು. ಎದೆ ಒತ್ತಿದಂತಾಗಿ ದವಡೆಗೋ, ತೋಳಿಗೋ, ಬೆನ್ನಿಗೋ ನೋವು ಹರಿದು ಬೆವರಿದರೆ ಗ್ಯಾಸ್ ಅಂತ ಜೀರಿಗೆ ಕಷಾಯ ಕುಡಿಯುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಗಾಬರಿಯಿಂದಲೂ ಉಸಿರು ಕಟ್ಟಿದಂತಾಗುತ್ತದೆ. ಬೇಗಬೇಗ ಉಸಿರಾಡಿ ಬೆರಳ ತುದಿ, ಬಾಯಿಯ ಸುತ್ತ ಜುಮುಜುಮು ಅನ್ನುತ್ತದೆ; ಸಿಳ್ಳೆ ಸದ್ದು ಇರುವುದಿಲ್ಲ. ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟು ನಿಧಾನಕ್ಕೆ ಉಸಿರು ಬಿಡಿಸಿ. ಮುಖಕ್ಕೆ ಕವರ್ ಹಿಡಿಯುವ ಹಳೇ ಪದ್ಧತಿ ಬೇಡ, ನಿಜವಾಗಿ ಆಸ್ತಮಾ ಇದ್ದರೆ ಅಪಾಯ. ಆದರೆ "ಇವಳದು ಬರೀ ನಾಟಕ, ಟೆನ್ಷನ್" ಅಂತ ಮನೆಯವರೇ ತೀರ್ಮಾನ ಕೊಡುವುದೂ ಬೇಡ. ಉಸಿರು ಸಿಗದಿದ್ದಾಗ ಯಾರಿಗಾದರೂ ಗಾಬರಿಯಾಗುತ್ತದೆ.

ಆಡುತ್ತಿದ್ದ ಮಗು ಕಡಲೇಬೀಜವೋ, ಅವರೆಕಾಳೋ ಬಾಯಲ್ಲಿಟ್ಟುಕೊಂಡಿದ್ದು ಇದ್ದಕ್ಕಿದ್ದಂತೆ ಕೆಮ್ಮಿ ಉಬ್ಬಸಪಟ್ಟರೆ ಅದು ಆಸ್ತಮಾ ಅಲ್ಲ, ಕಾಳು ಶ್ವಾಸನಾಳಕ್ಕೆ ಇಳಿದಿರಬಹುದು. ಕೆಮ್ಮು ತಾನಾಗಿ ನಿಂತರೂ ಅವತ್ತೇ ಆಸ್ಪತ್ರೆಗೆ ತೋರಿಸಿ.

ಅಟ್ಯಾಕ್ ಬಂದಾಗ ಹೀಗೆ ಮಾಡಿ

- ನೆಟ್ಟಗೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಲಿ. ಮಲಗಿಸಲೇಬೇಡಿ. ಬಿಗಿ ಬಟ್ಟೆ ಸಡಿಲ ಮಾಡಿ, ಸುತ್ತ ಜನ ಮುತ್ತಿಕೊಳ್ಳದಂತೆ ನೋಡಿಕೊಳ್ಳಿ.

- ಡಾಕ್ಟರು ಕೊಟ್ಟ ತುರ್ತು ಪಂಪ್ (ಸಾಮಾನ್ಯವಾಗಿ ನೀಲಿ ಬಣ್ಣದ್ದು, ಒಳಗಿರುವುದು ಸಾಲ್ಬುಟಮಾಲ್) ಇದ್ದರೆ ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಸಿಕ್ಕಿಸಿ. ಒಂದು ಸಲ ಒತ್ತಿ, ನಾಲ್ಕು ಸಲ ಉಸಿರಾಡಿಸಿ. ಹೀಗೆ ಒಂದೊಂದಾಗಿ ನಾಲ್ಕು ಸಲ.

- ನಾಲ್ಕು ನಿಮಿಷ ಕಾಯಿರಿ. ತಗ್ಗದಿದ್ದರೆ ಇನ್ನೂ ನಾಲ್ಕು ಸಲ ಕೊಡಿ.

- ಆಗಲೂ ತಗ್ಗಲಿಲ್ಲವೇ? 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೂ ಪಂಪ್ ಮುಂದುವರಿಸಿ. ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗುವ ಸಾಹಸ ಬೇಡ.

- ಮನೆಯಲ್ಲಿ ಪಂಪ್ ಇಲ್ಲದಿದ್ದರೆ ಕಾಯುವ ಮಾತೇ ಇಲ್ಲ, ನೇರ ಆಸ್ಪತ್ರೆ.

ನಿಮ್ಮ ಡಾಕ್ಟರು ಬೇರೆ ಕ್ರಮ ಬರೆದುಕೊಟ್ಟಿದ್ದರೆ ಅದನ್ನೇ ಅನುಸರಿಸಿ. ವಿಕ್ಸ್, ಬಿಸಿನೀರಿನ ಹಬೆ, ಶುಂಠಿ ಕಷಾಯ ಶೀತಕ್ಕೆ ಹಿತವಿರಬಹುದು, ಬಿಗಿದ ಶ್ವಾಸನಾಳ ಅವುಗಳಿಂದ ತೆರೆಯುವುದಿಲ್ಲ. "ನಿದ್ದೆ ಬಂದರೆ ಸರಿಹೋಗುತ್ತೆ" ಅಂತ ನಿದ್ದೆ ಮಾತ್ರೆ ಅಂತೂ ಕೊಡಲೇಬೇಡಿ.

ಇವು ಕಂಡರೆ ಒಂದು ನಿಮಿಷವೂ ತಡಮಾಡಬೇಡಿ

- ಒಂದು ವಾಕ್ಯ ಪೂರ್ತಿ ಮಾಡಲು ಆಗದಿರುವುದು
- ತುಟಿ, ಉಗುರು ನೀಲಿ ಅಥವಾ ಬೂದಿಬಣ್ಣಕ್ಕೆ ತಿರುಗುವುದು
- ಉಸಿರಾಡುವಾಗ ಕುತ್ತಿಗೆ, ಪಕ್ಕೆ ಒಳಕ್ಕೆ ಎಳೆಯುವುದು
- ಸಿಳ್ಳೆ ಸದ್ದು ಕಡಿಮೆಯಾಗಿ, ಮನುಷ್ಯ ಮಂಕಾಗುತ್ತಾ ಹೋಗುವುದು
- ಪಂಪ್ ಕೊಟ್ಟರೂ ತಗ್ಗದಿರುವುದು, ತಗ್ಗಿ ಸ್ವಲ್ಪ ಹೊತ್ತಿಗೇ ಮತ್ತೆ ಏರುವುದು

2020ರ ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬಹಳ ಮನೆಗಳಲ್ಲಿದೆ. ಅಂಕಿ 94ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ ಹೊರಡಿ. ಆದರೆ ಅಂಕಿ 97 ಇದೆ, ಆಕೆ ಮಾತ್ರ ಮಾತಾಡಲಾರದೆ ಒದ್ದಾಡುತ್ತಿದ್ದಾಳೆ ಅಂದರೆ ನಂಬಬೇಕಾದ್ದು ಯಂತ್ರವನ್ನಲ್ಲ, ಆಕೆಯನ್ನು. ನೇಲ್‌ಪಾಲಿಶ್ ಇದ್ದರೂ ಅಂಕಿ ತಪ್ಪುವುದುಂಟು. ಇನ್ನೊಂದು ಮಾತು: ಅಟ್ಯಾಕ್ ಇಳಿದು ಆರಾಮಾದರೂ ಮಾರನೇ ದಿನವೇ ಡಾಕ್ಟರಿಗೆ ತೋರಿಸಿ. ಒಳಗಿನ ಊತ ಅಷ್ಟು ಬೇಗ ಇಳಿದಿರುವುದಿಲ್ಲ.

ಕೆರಳಿಸುವುದು ಏನು?

ಬಾಗೂರಿನ ಕಣದಲ್ಲಿ ರಾಗಿ ಧೂಳು, ಹಂಡೆ ಒಲೆಯಲ್ಲಿ ತೆಂಗಿನ ಮಟ್ಟೆಯ ಹೊಗೆ, ಬೇಲಿಯುದ್ದಕ್ಕೂ ಪಾರ್ಥೇನಿಯಂ, ಜೊತೆಗೆ ಜನವರಿಯ ಚಳಿ, ಮಂಜು. ಪಟ್ಟಣದಲ್ಲಿರುವ ನಮಗೇನು ಕಡಿಮೆಯೇ? ಹಾಸಿಗೆ-ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳುಹುಳು, ಸಿಂಕ್ ಕೆಳಗಿನ ಜಿರಲೆ, ಗೋಡೆಯ ಬೂಷ್ಟು, ಸೊಳ್ಳೆಬತ್ತಿ, ಊದುಬತ್ತಿ, ರಸ್ತೆಯ ಹೊಗೆ, ಯಜಮಾನರ ಸಿಗರೇಟು. ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಎಲ್ಲರೂ ಕೆಮ್ಮುತ್ತೇವೆ. ಕಿಟಕಿ ತೆಗೆದರೆ ನಿಲ್ಲುತ್ತದೆ. ಅದೇ ಘಾಟಿಗೆ ಗಂಟೆಗಟ್ಟಲೆ ಎದೆ ಬಿಗಿದರೆ ಮಾತ್ರ ಯೋಚಿಸಬೇಕು.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿ ಲೆಕ್ಕ ಇಟ್ಟಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಆಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ಊರು ಬೆಳೆದಂತೆ ವಾಹನ, ಹೊಗೆ, ಧೂಳು ಬೆಳೆದದ್ದನ್ನು ನಾವೇ ಕಂಡಿದ್ದೇವಲ್ಲ.

ಹಬ್ಬಕ್ಕೆ ಧೂಳು ಹೊಡೆಯುವ ಕೆಲಸ ಆಸ್ತಮಾ ಇದ್ದವರಿಗೆ ಬೇಡ. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಾಸಿಗೆ ಹೊದಿಕೆ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಇನ್ನು ಬಾಳೆಹಣ್ಣು, ಮೊಸರು ಆಗದು ಅಂತ ಎಲ್ಲರಿಗೂ ಬಿಡಿಸಬೇಕಾಗಿಲ್ಲ. ಯಾವುದಾದರೂ ತಿಂದಾಗಲೆಲ್ಲ ನಿಜವಾಗಿಯೂ ತೊಂದರೆಯಾದರೆ ಅದನ್ನಷ್ಟೇ ಬಿಡಿ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೆಲವರಲ್ಲಿ ಅಟ್ಯಾಕ್ ತರುತ್ತವೆ. ತಲೆನೋವಿಗೆ ಅಂಗಡಿಯಿಂದ ಮಾತ್ರೆ ತರಿಸುವ ಮುಂಚೆ ಡಾಕ್ಟರನ್ನು ಕೇಳಿ.

ಪಂಪ್ ಅಂದರೆ ಭಯವೇಕೆ?

"ಒಮ್ಮೆ ಪಂಪ್ ಹಿಡಿದರೆ ಜನ್ಮಪೂರ್ತಿ ಬಿಡೋಕಾಗಲ್ಲ" ಅನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಪಂಪ್ ಚಟ ಹಿಡಿಸುವುದಿಲ್ಲ. ಔಷಧ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಮಾತ್ರೆ, ಇಂಜೆಕ್ಷನ್‌ಗಿಂತ ಎಷ್ಟೋ ಕಡಿಮೆ ಪ್ರಮಾಣ ಸಾಕು. ಆದರೆ ನೀಲಿ ಪಂಪ್ ಆ ಹೊತ್ತಿಗೆ ಬಿಗಿತ ಬಿಡಿಸುತ್ತದೆಯೇ ಹೊರತು ಒಳಗಿನ ಊತ ಇಳಿಸುವುದಿಲ್ಲ. ವಾರದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ ಕಾಯಿಲೆ ಹತೋಟಿಯಲ್ಲಿಲ್ಲ ಅಂತಲೇ ಅರ್ಥ. ಊತ ಇಳಿಸಲು ಸ್ಟಿರಾಯ್ಡ್ ಇರುವ ಇನ್ನೊಂದು ಪಂಪ್ ಕೊಡುತ್ತಾರೆ. 2019ರಿಂದೀಚೆಗೆ ದೊಡ್ಡವರಿಗೆ ನೀಲಿಯೊಂದನ್ನೇ ಕೊಡುವುದು ಸಾಲದು ಎಂಬುದೇ ಜಾಗತಿಕ ತಜ್ಞರ ಸಲಹೆ. ಆರಾಮಾಯ್ತು ಅಂತ ಅದನ್ನು ನೀವೇ ನಿಲ್ಲಿಸಬೇಡಿ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ. ಬಸುರಿಯರೂ ಡಾಕ್ಟರನ್ನು ಕೇಳದೆ ಬಿಡಬಾರದು. ತಾಯಿಗೆ ಉಸಿರು ಸಾಲದಿದ್ದರೆ ಹೊಟ್ಟೆಯ ಕೂಸಿಗೂ ಸಾಲದು.

ಪ್ರತಿ ವರ್ಷ ಮೃಗಶಿರಾ ಮಳೆ ಹೊತ್ತಿಗೆ ಮೀನಿನ ಔಷಧಕ್ಕೆ ಹೈದರಾಬಾದಿಗೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಅದು ಆಸ್ತಮಾ ವಾಸಿ ಮಾಡುತ್ತದೆ ಅನ್ನಲು ವೈದ್ಯಕೀಯ ಪುರಾವೆಯಿಲ್ಲ. ಹೋಗಲೇಬೇಕು ಅನ್ನುವವರು ಹೋಗಿ, ಆದರೆ ಪಂಪ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಮುಚ್ಚಿಟ್ಟ ಕಾಯಿಲೆ

ಆಸ್ಪತ್ರೆಯಿಂದ ಬಂದಮೇಲೆ ಅಕ್ಕ ನನ್ನೊಬ್ಬಳ ಹತ್ತಿರ ಹೇಳಿಕೊಂಡಳು. ಅವಳಿಗೆ ಚಿಕ್ಕಂದಿನಿಂದ ಗೂರಲು ಇತ್ತಂತೆ. ಮದುವೆ ಮಾತುಕತೆ ಹೊತ್ತಲ್ಲಿ "ಗಂಡಿನ ಕಡೆಯವರಿಗೆ ಬಾಯಿಬಿಡಬೇಡ" ಅಂತ ತವರಲ್ಲಿ ಹೇಳಿ ಕಳಿಸಿದ್ದರಂತೆ. ಮಧ್ಯೆ ಎಷ್ಟೋ ವರ್ಷ ಅದು ಸುಮ್ಮನಿತ್ತು. ಈಚೆಗೆ ರಾತ್ರಿ ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಂಡು, ಹಿತ್ತಲಿಗೆ ಹೋಗಿ ಕೂತು ಬರುತ್ತಿದ್ದಳಂತೆ. ಒಂದೇ ಸೂರಿನಡಿ ಇಷ್ಟು ವರ್ಷ, ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ!

ನಮ್ಮ ಅತ್ತೆ ಕೆಟ್ಟವರಲ್ಲ. ವಿಷಯ ತಿಳಿದು, "ಮೊದಲೇ ಹೇಳಿದ್ರೆ ನಿನ್ನ ಕಣಕ್ಕೆ ಬಿಡ್ತಿದ್ನೇನೇ?" ಅಂತ ಕಣ್ಣೀರು ಹಾಕಿದರು. ಆದರೆ ಅವತ್ತು ರಾತ್ರಿ ಆ ಮುಕ್ಕಾಲು ಗಂಟೆ ಒಂದೂವರೆ ಗಂಟೆಯಾಗಿದ್ದರೆ ಆ ಕಣ್ಣೀರಿಂದ ಏನು ಪ್ರಯೋಜನವಿತ್ತು?

ಮಗಳಿಗೆ ಆಸ್ತಮಾ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಹತೋಟಿಯಲ್ಲಿಟ್ಟುಕೊಂಡರೆ ಓದು, ಕೆಲಸ, ಮದುವೆ, ಮಕ್ಕಳು ಯಾವುದಕ್ಕೂ ಅದು ಅಡ್ಡಿಯಲ್ಲ. ಸೊಸೆ ರಾತ್ರಿ ಕೆಮ್ಮುತ್ತಿದ್ದರೆ ಗದರಬೇಡಿ, ಎದ್ದು ಹೋಗಿ ವಿಚಾರಿಸಿ.

ಈ ಸಲ ಸಂಕ್ರಾಂತಿಗೆ ಮತ್ತೆ ಹೋಗಿದ್ದೆವು. ಬಾಗೂರಿನ ಮನೆಯಲ್ಲಿ ಅಕ್ಕನ ಪಂಪ್ ಈಗ ಟ್ರಂಕಿನೊಳಗಿಲ್ಲ. ನಡುಮನೆಯ ಕ್ಯಾಲೆಂಡರ್ ಪಕ್ಕದ ಗೂಡಿನಲ್ಲಿ, ಎಲ್ಲರ ಕೈಗೆ ಸಿಗುವಂತೆ ಇದೆ. ಸ್ಪೇಸರ್ ಹಿಡಿಯುವುದು ಹೇಗೆ ಅಂತ ಅತ್ತೆಗೂ ಗೊತ್ತು. ಒಕ್ಕಣೆ ದಿನ ಅಕ್ಕ ಮನೆಯಲ್ಲೇ ಉಳಿದು ಎಳ್ಳುಬೆಲ್ಲ ಬೆರೆಸಿದಳು. ಮಾರನೇ ದಿನ ಬೆಟ್ಟಕ್ಕೆ ಮಾತ್ರ ಬಂದಳು, ಈ ಸಲವೂ ನನಗಿಂತ ಮುಂದೆಯೇ. ನಾನು ಎಂದಿನಂತೆ ಇನ್ನೂರನೇ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ ಕೂತೆ. ಅತ್ತೆ ನನ್ನನ್ನು ನೋಡಿ, "ನಿಂದೇನಿಲ್ಲ, ಐದು ನಿಮಿಷ ಕೂತ್ಕೋ" ಅಂದರು. ಆಮೇಲೆ ತಲೆಯೆತ್ತಿ ಮೇಲೆ ನೋಡಿ ಕೂಗಿದರು: "ಏ ಅಮ್ಮಯ್ಯಾ, ಪಂಪ್ ತಂದಿದ್ದೀಯಾ?"